ಟೆನ್ಶನ್ ಬರಲಿ, ಹೋಗೋದು ಯಾವಾಗ?

ಕಳೆದ ತಿಂಗಳು ಒಂದು ರಾತ್ರಿ ಸ್ಕೂಟರ್‌ನಲ್ಲಿ ಮನೆಗೆ ಬರುತ್ತಿದ್ದೆ. ಹನ್ನೊಂದು ಗಂಟೆ ಆಗಿರಬೇಕು. ನಮ್ಮ ರಸ್ತೆಗೆ ತಿರುಗುವ ಮೂಲೆಯಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಇದೆ. ಅದರ ಪಕ್ಕ ಯಾವಾಗಲೂ ಮೂರು ನಾಯಿ ಮಲಗಿರುತ್ತವೆ. ಅವತ್ತು ಮೂರೂ ಒಟ್ಟಿಗೆ ಎದ್ದು ಅಟ್ಟಿಸಿಕೊಂಡು ಬಂದವು. ಕಂದು ನಾಯಿಯ ಬಾಯಿಗೂ ನನ್ನ ಕಾಲಿಗೂ ಒಂದು ಗೇಣು ದೂರ. ನಾನೇನು ಮಾಡಿದೆ ಅಂತ ನನಗೇ ಸರಿಯಾಗಿ ನೆನಪಿಲ್ಲ. ಎರಡೂ ಕಾಲು ಮೇಲೆ ಹೋಗಿದ್ದವು, ಆಕ್ಸಿಲರೇಟರ್ ಪೂರ್ತಿ ತಿರುಗಿತ್ತು. ಉಸಿರು ಬಿಟ್ಟಿದ್ದು ಗೇಟಿನ ಮುಂದೆ ಬ್ರೇಕ್ ಹಾಕಿದ ಮೇಲೆಯೇ.

ಎದೆ ಡವಡವ ಅನ್ನುತ್ತಿತ್ತು. ಬಾಯಿ ಒಣಗಿತ್ತು. ಕೈ ನಡುಗಿ ಕೀಲಿ ಬೀಗದೊಳಗೆ ಹೋಗುತ್ತಿರಲಿಲ್ಲ. ಮುಕ್ಕಾಲು ಗಂಟೆ ಬಿಟ್ಟು ಊಟಕ್ಕೆ ಕೂತಾಗ ಎಲ್ಲ ಸರಿಹೋಗಿತ್ತು. ಮೊಸರನ್ನ ತಿನ್ನುತ್ತಾ ನಾಯಿ ಕಥೆ ಹೇಳಿದೆ, ಮನೆಯವರೆಲ್ಲ ನಕ್ಕರು.

ಮಲಗುವ ಮುಂಚೆ ಫೋನ್ ನೋಡಿದೆ. ಐದನೇ ತಾರೀಕಿಗೆ ಸಾಲದ ಕಂತು ಕಟ್ ಆಗುತ್ತೆ, ಅಕೌಂಟಿನಲ್ಲಿ ದುಡ್ಡಿರಲಿ ಅಂತ ಒಂದು ಮೆಸೇಜ್. ಹಲ್ಲಿಲ್ಲ, ಬೊಗಳೋದಿಲ್ಲ, ಅಟ್ಟಿಸಿಕೊಂಡೂ ಬರೋದಿಲ್ಲ. ಆದರೂ ರಾತ್ರಿ ಎರಡಾದರೂ ನಿದ್ದೆ ಬರಲಿಲ್ಲ.

ನಾಯಿಗೂ ಕಂತಿಗೂ ನನ್ನ ದೇಹ ಓಡಿಸಿದ್ದು ಒಂದೇ ಯಂತ್ರವನ್ನು. ಮೊದಲನೆಯ ಸಲ ಅದು ಕಾಲು ಉಳಿಸಿತು. ಎರಡನೆಯ ಸಲ ನಿದ್ದೆ ಕೆಡಿಸಿತು. ಹಾಗಾಗಿ ಟೆನ್ಶನ್ ಒಳ್ಳೆಯದಾ ಕೆಟ್ಟದ್ದಾ ಅಂತ ಯಾರಾದರೂ ಕೇಳಿದರೆ, ಅದು ಯಾವಾಗ ಮುಗಿಯಿತು ಅಂತ ನಾನು ವಾಪಸ್ ಕೇಳುತ್ತೇನೆ.

ಹತ್ತು ಸೆಕೆಂಡಿನ ಕೆಲಸ

ನಮ್ಮ ಎರಡೂ ಕಿಡ್ನಿಗಳ ಮೇಲೆ ಟೋಪಿ ಇಟ್ಟ ಹಾಗೆ ಒಂದೊಂದು ಪುಟ್ಟ ಗ್ರಂಥಿ ಇದೆ. ಹೆಸರು ಅಡ್ರಿನಲ್. ತೂಕ ಕೆಲವೇ ಗ್ರಾಂ. ಅಪಾಯ ಅಂತ ಮೆದುಳಿಗೆ ಅನ್ನಿಸಿದ ಕೂಡಲೇ ನರಗಳ ಮೂಲಕ ಇಲ್ಲಿಗೆ ಸುದ್ದಿ ಹೋಗುತ್ತದೆ, ಗ್ರಂಥಿ ರಕ್ತಕ್ಕೆ ಅಡ್ರಿನಲಿನ್ ಬಿಡುತ್ತದೆ. ಹೃದಯ ಜೋರಾಗಿ ಬಡಿಯುತ್ತದೆ. ಶ್ವಾಸನಾಳಗಳು ಅಗಲವಾಗುತ್ತವೆ. ಲಿವರ್ ತಾನು ಕೂಡಿಟ್ಟ ಸಕ್ಕರೆಯನ್ನು ಹೊರಗೆ ಹಾಕುತ್ತದೆ. ಚರ್ಮಕ್ಕೆ, ಕರುಳಿಗೆ ಹೋಗುತ್ತಿದ್ದ ರಕ್ತ ಕೈಕಾಲಿನ ಸ್ನಾಯುಗಳ ಕಡೆ ತಿರುಗುತ್ತದೆ. ಗಾಯವಾದರೆ ಬೇಗ ಹೆಪ್ಪುಗಟ್ಟಲಿ ಅಂತ ರಕ್ತ ಕೂಡ ಸ್ವಲ್ಪ ಅಂಟಂಟಾಗುತ್ತದೆ. ನಾಯಿಯಿಂದ ತಪ್ಪಿಸಿಕೊಳ್ಳೋಕೆ ಏನೇನು ಬೇಕೋ ಎಲ್ಲ ತಯಾರು, ಅದೂ ನಾವು ಯೋಚನೆ ಮಾಡುವ ಮೊದಲೇ.

ಈ ಹೊತ್ತಿನಲ್ಲಿ ಊಟ ಅರಗಿಸೋ ಕೆಲಸ ಯಾರಿಗೆ ಬೇಕು? ಅದನ್ನು ದೇಹ ನಿಲ್ಲಿಸಿಬಿಡುತ್ತದೆ. ಬಾಯಿ ಒಣಗೋದು, ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಗೋದು ಇದೇ ಕಾರಣಕ್ಕೆ. ಇದನ್ನು ಕಣ್ಣಾರೆ ನೋಡಿದವರು ವಾಲ್ಟರ್ ಕ್ಯಾನನ್. 1890ರ ದಶಕದ ಕೊನೆಯಲ್ಲಿ ಅವರಿನ್ನೂ ಹಾರ್ವರ್ಡ್‌ನಲ್ಲಿ ಮೆಡಿಕಲ್ ವಿದ್ಯಾರ್ಥಿ. ಎಕ್ಸ್‌ರೇ ಆಗಷ್ಟೇ ಹೊಸದಾಗಿ ಬಂದಿತ್ತು. ಬೆಕ್ಕಿಗೆ ಎಕ್ಸ್‌ರೇಯಲ್ಲಿ ಎದ್ದು ಕಾಣೋ ಬಿಸ್ಮತ್ ಬೆರೆಸಿದ ಊಟ ಕೊಟ್ಟು, ಅದು ಹೊಟ್ಟೆಯಲ್ಲಿ ಹೇಗೆ ಕಡೆಯುತ್ತದೆ ಅಂತ ಅವರು ಎಕ್ಸ್‌ರೇಯಲ್ಲಿ ನೋಡುತ್ತಿದ್ದರು. ಬೆಕ್ಕು ಕಿರಿಕಿರಿಗೊಂಡು ಒದ್ದಾಡಿದರೆ ಹೊಟ್ಟೆಯ ಅಲುಗಾಟ ಗಕ್ಕನೆ ನಿಲ್ಲುತ್ತಿತ್ತು. ಸವರಿ ಸಮಾಧಾನ ಮಾಡಿದರೆ ಮತ್ತೆ ಶುರುವಾಗುತ್ತಿತ್ತು. ‘ಹೋರಾಡು ಇಲ್ಲವೇ ಓಡು’ ಅಂತ ನಾವೀಗ ಎಲ್ಲೆಡೆ ಓದುವ ಮಾತು ಬೆಳೆದದ್ದು ಈ ಬೆಕ್ಕಿನ ಹೊಟ್ಟೆಯಿಂದ.

ಅಡ್ರಿನಲಿನ್ ಅವಸರದ ಆಸಾಮಿ. ಬೇಗ ಬರುತ್ತದೆ, ಬೇಗ ಹೋಗುತ್ತದೆ. ಅದರ ಹಿಂದೆಯೇ ನಿಧಾನವಾಗಿ ಇನ್ನೊಂದು ಹಾರ್ಮೋನ್ ಬರುತ್ತದೆ, ಕಾರ್ಟಿಸಾಲ್. ಮೆದುಳಿನ ಹೈಪೋಥಲಾಮಸ್ ಅನ್ನೋ ಭಾಗ ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಗೆ ಹೇಳಬೇಕು, ಪಿಟ್ಯುಟರಿ ಅಡ್ರಿನಲ್‌ಗೆ ಹೇಳಬೇಕು. ಸರ್ಕಾರಿ ಫೈಲ್ ಮೇಜಿಂದ ಮೇಜಿಗೆ ಹೋದ ಹಾಗೆ. ಅದಕ್ಕೇ ರಕ್ತದಲ್ಲಿ ಕಾರ್ಟಿಸಾಲ್ ಮೇಲಕ್ಕೇರೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕಾಗುತ್ತದೆ. ಖರ್ಚಾದ ಸಕ್ಕರೆ ತುಂಬಿಸೋದು, ಊತ ಕಡಿಮೆ ಮಾಡೋದು, ಆದದ್ದನ್ನು ನೆನಪಿನಲ್ಲಿ ಉಳಿಸೋದು ಅದರ ಕೆಲಸ.

ಕಾರ್ಟಿಸಾಲ್ ಅಂದರೆ ವಿಷ ಅನ್ನೋ ಥರ ಈಗ ರೀಲ್ಸ್‌ಗಳಲ್ಲಿ ಹೇಳುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಬೆಳಿಗ್ಗೆ ಎದ್ದ ಮೇಲೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಅದು ಎಲ್ಲರಲ್ಲೂ ಏರುತ್ತದೆ, ನಮ್ಮನ್ನು ಹಾಸಿಗೆಯಿಂದ ಎಬ್ಬಿಸಿ ಕೆಲಸಕ್ಕೆ ಹಚ್ಚೋಕೆ. ಮಧ್ಯರಾತ್ರಿ ಹೊತ್ತಿಗೆ ತೀರಾ ಇಳಿದಿರುತ್ತದೆ. ಅದು ಒಂಚೂರೂ ಇಲ್ಲದಿದ್ದರೆ ಮನುಷ್ಯ ಬದುಕೋದೇ ಇಲ್ಲ.

ಮೋಟರ್ ಮತ್ತು ಫ್ಲೋಟ್ ಸ್ವಿಚ್

ಮನೆಯ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸೋ ಮೋಟರ್ ಇರುತ್ತದಲ್ಲ, ಅದನ್ನು ಒಮ್ಮೆ ನೆನಪಿಸಿಕೊಳ್ಳಿ. ಟ್ಯಾಂಕ್ ತುಂಬಿದರೆ ಫ್ಲೋಟ್ ಸ್ವಿಚ್ ಮೇಲೆದ್ದು ಮೋಟರ್ ಆಫ್ ಮಾಡುತ್ತದೆ. ಕಾರ್ಟಿಸಾಲ್ ವ್ಯವಸ್ಥೆಯಲ್ಲೂ ಇಂಥದೇ ಸ್ವಿಚ್ ಇದೆ. ರಕ್ತದಲ್ಲಿ ಕಾರ್ಟಿಸಾಲ್ ಸಾಕಷ್ಟು ಏರಿದಾಗ ಅದೇ ಮೆದುಳಿಗೆ ತಲುಪಿ ‘ಸಾಕು, ನಿಲ್ಲಿಸು’ ಅನ್ನುತ್ತದೆ. ಈ ಮಾತು ಕೇಳಿಸಿಕೊಳ್ಳುವ ಭಾಗಗಳಲ್ಲಿ ಹಿಪೊಕ್ಯಾಂಪಸ್ ಒಂದು. ನೆನಪಿನ ಶಕ್ತಿಗೂ ಅದೇ ಜಾಗ ಬೇಕು. ನ್ಯೂಯಾರ್ಕಿನ ಬ್ರೂಸ್ ಮೆಕ್‌ಇವೆನ್ ಮತ್ತು ಜೊತೆಗಾರರು ಇಲಿಗಳ ಹಿಪೊಕ್ಯಾಂಪಸ್ ಇಂಥ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳೋದನ್ನು 1968ರಲ್ಲಿ ತೋರಿಸಿದರು.

ಟೆನ್ಶನ್ ವಾರಗಟ್ಟಲೆ ನಿಲ್ಲದೇ ಇದ್ದರೆ ಈ ಹಿಪೊಕ್ಯಾಂಪಸ್‌ನಲ್ಲಿರುವ ನರಕೋಶಗಳ ಕವಲುಗಳೇ ಮೊಟಕಾಗುತ್ತವೆ ಅಂತ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಗೊತ್ತಾಗಿದೆ. ಅಂದರೆ ಮೋಟರ್ ಓಡಿ ಓಡಿ ಫ್ಲೋಟ್ ಸ್ವಿಚ್ಚೇ ಕೆಟ್ಟಿತು. ಆಮೇಲೆ ಅದನ್ನು ನಿಲ್ಲಿಸೋರು ಯಾರು? ಟ್ಯಾಂಕಿನಿಂದ ನೀರು ಸುರಿದು ಗೋಡೆಯೆಲ್ಲ ಒದ್ದೆ, ಮೋಟರ್ ಇನ್ನೂ ಗುಂಯ್ ಅಂತಿರುತ್ತದೆ. ಸಮಾಧಾನದ ವಿಷಯ ಏನಂದರೆ, ಒತ್ತಡ ನಿಂತ ಮೇಲೆ ಆ ಕವಲುಗಳು ಮತ್ತೆ ಬೆಳೆದದ್ದೂ ಅದೇ ಪ್ರಯೋಗಗಳಲ್ಲಿ ಕಂಡಿದೆ.

ಕಾರ್ಟಿಸಾಲ್‌ನ ಎರಡೂ ಮುಖ ನೋಡಬೇಕಂದರೆ ಇಲಿಗಳ ತನಕ ಹೋಗಬೇಕಾಗಿಲ್ಲ. ಕೋವಿಡ್ ಕಾಲ ನೆನಪಿಸಿಕೊಂಡರೆ ಸಾಕು. ಡೆಕ್ಸಾಮೆಥಸೋನ್ ಅನ್ನೋ ಸ್ಟೀರಾಯ್ಡ್ ಕಾರ್ಟಿಸಾಲ್‌ನ ದಾಯಾದಿ, ಅದಕ್ಕಿಂತ ಹಲವು ಪಟ್ಟು ಜೋರು. 2020ರ ಜೂನ್‌ನಲ್ಲಿ ಬ್ರಿಟನ್ನಿನ ‘ರಿಕವರಿ’ ಅನ್ನೋ ಔಷಧ ಪ್ರಯೋಗದ ಫಲಿತಾಂಶ ಬಂತು. ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ. ಇಷ್ಟು ಕೊಟ್ಟಿದ್ದಕ್ಕೆ ವೆಂಟಿಲೇಟರ್‌ನಲ್ಲಿದ್ದವರ ಸಾವು ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು. ಆಕ್ಸಿಜನ್ ಬೇಕಾಗದವರಿಗೆ ಅದರಿಂದ ಏನೂ ಲಾಭವಾಗಲಿಲ್ಲ. ಮರುವರ್ಷ ನಮ್ಮಲ್ಲಿ ಎರಡನೇ ಅಲೆ ಬಂತು. ಬೇಕಿದ್ದವರು, ಬೇಡದವರು ಎಲ್ಲ ಸ್ಟೀರಾಯ್ಡ್ ನುಂಗಿದರು, ಕೆಲವರು ಬೇಕಾದ್ದಕ್ಕಿಂತ ಜಾಸ್ತಿ ದಿನ. ಶುಗರ್ ಏರಿತು, ರೋಗ ತಡೆಯೋ ಶಕ್ತಿ ಇಳಿಯಿತು. ಬ್ಲ್ಯಾಕ್ ಫಂಗಸ್ ಅಷ್ಟು ಹರಡೋಕೆ ವೈದ್ಯರು ಕೊಟ್ಟ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಮಾತ್ರೆಯ ಪ್ರಮಾಣಕ್ಕೂ ನಮ್ಮ ದಿನದ ಟೆನ್ಶನ್‌ಗೂ ಹೋಲಿಕೆಯಿಲ್ಲ, ಮಾತ್ರೆ ತುಂಬಾ ಜಾಸ್ತಿ. ಆದರೆ ದಿಕ್ಕು ಅದೇ. ಸ್ಟೀರಾಯ್ಡ್ ಬಹಳ ದಿನ ತಗೊಂಡವರಿಗೆ ಮುಖ ಊದುತ್ತದೆ, ಹೊಟ್ಟೆ ಸುತ್ತ ಕೊಬ್ಬು ಸೇರುತ್ತದೆ, ಶುಗರ್ ಮತ್ತು ಬಿಪಿ ಏರುತ್ತವೆ, ಮೂಳೆ ಸವೆಯುತ್ತದೆ. ದೇಹದಲ್ಲಿ ಕಾರ್ಟಿಸಾಲ್ ವರ್ಷಗಟ್ಟಲೆ ಅತಿಯಾದರೆ ಏನಾಗುತ್ತೆ ಅನ್ನೋದರ ದೊಡ್ಡಕ್ಷರದ ಪ್ರತಿ ಇದು. (ಇದನ್ನು ಓದಿ, ಡಾಕ್ಟರ್ ಬರೆದುಕೊಟ್ಟ ಸ್ಟೀರಾಯ್ಡ್ ಮಾತ್ರೆಯನ್ನು ದಿಢೀರ್ ಅಂತ ನಿಲ್ಲಿಸಬೇಡಿ. ಅದು ಅಪಾಯ. ಅಷ್ಟು ದಿನ ಸುಮ್ಮನಿದ್ದ ಅಡ್ರಿನಲ್ ಗ್ರಂಥಿ ಒಂದೇ ದಿನಕ್ಕೆ ಎದ್ದು ಕೂರುವುದಿಲ್ಲ.)

ಪರೀಕ್ಷೆಯ ಎರಡು ಕಥೆ

ಪರೀಕ್ಷೆ ಅಂದರೆ ನಮ್ಮಲ್ಲಿ ಮನೆಮಂದಿಗೆಲ್ಲ ಟೆನ್ಶನ್. ಎಸ್ಸೆಸ್ಸೆಲ್ಸಿ, ಪಿಯುಸಿ ಬಂತಂದರೆ ಕೇಬಲ್ ಕಟ್, ನೆಂಟರಿಗೆ ಪ್ರವೇಶವಿಲ್ಲ. ಈ ಪರೀಕ್ಷೆಯ ಒತ್ತಡದ ಬಗ್ಗೆ ಅಮೆರಿಕದಲ್ಲಿ ನಡೆದ ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟು ನೋಡೋದು ನನಗೆ ಇಷ್ಟ.

ಒಂದು, 1998ರದ್ದು. ಒಹಾಯೊದಲ್ಲಿ 11 ದಂತವೈದ್ಯ ವಿದ್ಯಾರ್ಥಿಗಳ ಬಾಯಿಯ ಮೇಲಂಗಳದಲ್ಲಿ ಮೂರೂವರೆ ಮಿಲಿಮೀಟರಿನ ಪುಟ್ಟ ಗಾಯ ಮಾಡಿದರು, ಒಮ್ಮೆ ಬೇಸಿಗೆ ರಜೆಯಲ್ಲಿ, ಇನ್ನೊಮ್ಮೆ ಪರೀಕ್ಷೆಗೆ ಮೂರು ದಿನ ಇದ್ದಾಗ. ಹುಡುಗರು ಅವರೇ, ಬಾಯಿ ಅದೇ. ಪರೀಕ್ಷೆ ಸಮಯದ ಗಾಯ ಮಾಯೋಕೆ 40 ಶೇಕಡಾ ಜಾಸ್ತಿ ಸಮಯ ಬೇಕಾಯಿತು. ಹನ್ನೊಂದು ಮಂದಿಯಲ್ಲಿ ಒಬ್ಬರಿಗೂ ರಜೆಯಷ್ಟು ಬೇಗ ಮಾಯಲಿಲ್ಲ. ಜನ ಕಡಿಮೆ, ನಿಜ. ಆದರೆ ಇದೇ ತಂಡ 1995ರಲ್ಲಿ ಅಲ್ಜೈಮರ್ ರೋಗಿಗಳನ್ನು ಮನೆಯಲ್ಲಿ ನೋಡಿಕೊಳ್ಳುವವರ ತೋಳಿನ ಗಾಯ ಅಳೆದಿತ್ತು. ಅವರಿಗೆ ಬೇರೆಯವರಿಗಿಂತ ಸುಮಾರು 9 ದಿನ ತಡವಾಗಿ ವಾಸಿಯಾಗಿತ್ತು. ಮನೆಯಲ್ಲಿ ಹಾಸಿಗೆ ಹಿಡಿದವರ ಸೇವೆ ಮಾಡುತ್ತಿರುವ ಸೊಸೆಯೋ ಮಗಳೋ ‘ನನಗೇನಾಗಿದೆ, ನೆಗಡಿ ಹೋಗೋದೇ ಇಲ್ವಲ್ಲ’ ಅಂದರೆ ಸುಮ್ನೆ ಹೇಳುತ್ತಿದ್ದಾಳೆ ಅಂದುಕೊಳ್ಳಬೇಡಿ.

ಇನ್ನೊಂದು, 2010ರಲ್ಲಿ ಪ್ರಕಟವಾದದ್ದು. ಅಮೆರಿಕದಲ್ಲಿ ಡಿಗ್ರಿ ನಂತರದ ಓದಿಗೆ ಸೇರಲು ಬರೆಯುವ ಜಿಆರ್‌ಇ ಪರೀಕ್ಷೆಗೆ ತಯಾರಾಗುತ್ತಿದ್ದವರಲ್ಲಿ ಅರ್ಧ ಜನಕ್ಕೆ ಒಂದು ಮಾತು ಹೇಳಿದರು: ಎದೆ ಬಡಿದುಕೊಂಡರೆ ಹೆದರಬೇಡಿ, ಅದರಿಂದ ಪರೀಕ್ಷೆ ಕೆಡೋದಿಲ್ಲ, ಅನುಕೂಲವೇ ಆಗಬಹುದು. ಅಷ್ಟೇ. ಅವರು ಅಭ್ಯಾಸದ ಪರೀಕ್ಷೆಯ ಗಣಿತದಲ್ಲೂ ಆಮೇಲೆ ನಿಜವಾದ ಪರೀಕ್ಷೆಯ ಗಣಿತದಲ್ಲೂ ಉಳಿದವರಿಗಿಂತ ಜಾಸ್ತಿ ಅಂಕ ತೆಗೆದರು.

ಹಾಗಾದರೆ ಪರೀಕ್ಷೆಯ ಟೆನ್ಶನ್ ಒಳ್ಳೆಯದಾ ಕೆಟ್ಟದ್ದಾ? ಹಾಲ್‌ನಲ್ಲಿರುವ ಮೂರು ಗಂಟೆ ಅದು ಒಳ್ಳೆಯದು. ತಲೆ ಚುರುಕಾಗುತ್ತದೆ, ನಿದ್ದೆ ಹತ್ತಿರ ಸುಳಿಯೋದಿಲ್ಲ. ಅದೇ ಟೆನ್ಶನ್ ಜೂನ್‌ನಲ್ಲಿ ಶುರುವಾಗಿ ಮಾರ್ಚ್ ತನಕ ದಿನಾ ಊಟದ ತಟ್ಟೆ ಮುಂದೆ ಬಂದು ಕೂತರೆ ಕೆಟ್ಟದ್ದು. ‘ಎಷ್ಟು ಬಂತು? ಪಕ್ಕದ ಮನೆಯವಳಿಗೆ ಎಷ್ಟು?’ ಅಂತ ಕೇಳೋ ನಾವು ಆ ಮೂರು ಗಂಟೆಯನ್ನು ಹತ್ತು ತಿಂಗಳು ಎಳೆಯುತ್ತೇವೆ, ಅಲ್ವಾ?

ಪ್ರಮಾಣದ ಮಾತೂ ಇದೆ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಅನ್ನೋ ಇಬ್ಬರು ಸಂಶೋಧಕರು ಪುಟ್ಟ ಇಲಿಗಳಿಗೆ ಬಿಳಿ ಪೆಟ್ಟಿಗೆ ಯಾವುದು, ಕಪ್ಪು ಯಾವುದು ಅಂತ ಕಲಿಸುತ್ತಿದ್ದರು. ತಪ್ಪಿದರೆ ಸಣ್ಣ ಶಾಕ್. ಗುರುತಿಸೋದು ಸುಲಭವಿದ್ದಾಗ ಶಾಕ್ ಜೋರಾದಷ್ಟೂ ಬೇಗ ಕಲಿತವು. ಕಷ್ಟವಿದ್ದಾಗ ಮಾತ್ರ ಜೋರು ಶಾಕ್ ಕೆಲಸ ಕೆಡಿಸಿತು, ಮಧ್ಯಮ ಶಾಕ್ ಚೆನ್ನಾಗಿ ಕಲಿಸಿತು. ಗಣಿತ ಮೊದಲೇ ಕಷ್ಟ ಅನ್ನೋ ಮಗುವಿನ ಪಕ್ಕ ಬೆತ್ತ ಹಿಡಿದು ಕೂರೋದು ಯಾಕೆ ಕೆಲಸಕ್ಕೆ ಬರೋದಿಲ್ಲ ಅನ್ನೋದಕ್ಕೆ ನನಗೆ ಈ ಇಲಿಗಳೇ ಸಾಕ್ಷಿ.

ಬಿಪಿ, ಹಾರ್ಟು, ಅಲ್ಸರ್

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಕನ್ನಡದಲ್ಲಿ ಮನಸ್ಸಿನದ್ದೂ ‘ಒತ್ತಡ’, ರಕ್ತದ್ದೂ ‘ಒತ್ತಡ’. ಇಂಗ್ಲಿಷಿನ ಹೈಪರ್‌ಟೆನ್ಶನ್‌ನಲ್ಲೂ ‘ಟೆನ್ಶನ್’ ಇದೆ. ಹೀಗಾಗಿ ‘ನಂಗೇನೂ ಟೆನ್ಶನ್ ಇಲ್ಲಪ್ಪ, ಬಿಪಿ ಎಲ್ಲಿಂದ ಬರುತ್ತೆ’ ಅನ್ನೋರು ಬಹಳ ಜನ. ಆ ಟೆನ್ಶನ್ ರಕ್ತನಾಳದ ಗೋಡೆಯ ಮೇಲಿನದು. ಆರಾಮಾಗಿ ಎಲೆಯಡಿಕೆ ಹಾಕಿಕೊಂಡು ಜಗಲಿ ಮೇಲೆ ಕೂತಿರೋ ತಾತನಿಗೂ ಬಿಪಿ ಇರಬಹುದು. ಅಳೆಸಿ ನೋಡಿದರೇ ಗೊತ್ತಾಗೋದು. ತಿರುಗಾ, ಟೆನ್ಶನ್ ಕಡಿಮೆಯಾಯಿತು ಅಂತ ಬಿಪಿ ಮಾತ್ರೆ ಬಿಡೋದೂ ತಪ್ಪು.

ಆದರೆ ಹೃದಯಕ್ಕೂ ಮನಸ್ಸಿನ ಒತ್ತಡಕ್ಕೂ ಸಂಬಂಧ ಇರೋದು ಖಂಡಿತ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್ ನಡೆಸಿದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಹೊರಬಂತು. 52 ದೇಶ, ಸುಮಾರು 30,000 ಜನ. ಹಾರ್ಟ್ ಅಟ್ಯಾಕ್‌ಗೆ ಕಾರಣವಾಗುವ ಒಂಬತ್ತು ಮುಖ್ಯ ಅಂಶಗಳಲ್ಲಿ ಸಿಗರೇಟು, ಶುಗರ್, ಬಿಪಿ ಜೊತೆ ಮನಸ್ಸಿನ ಒತ್ತಡವೂ ಸೇರಿತ್ತು.

ಬೇಗ ಮುಗಿಯೋ ಟೆನ್ಶನ್ ಯಾವಾಗಲೂ ಒಳ್ಳೆಯದು ಅಂತ ನಾನು ಹೇಳಿದ ಹಾಗೆ ಕೇಳಿಸಿದ್ದರೆ, ಅದಕ್ಕೊಂದು ತಿದ್ದುಪಡಿ. 2006ರ ಫುಟ್‌ಬಾಲ್ ವಿಶ್ವಕಪ್ ಜರ್ಮನಿಯಲ್ಲಿ ನಡೆಯಿತು. ಜರ್ಮನಿ ಆಡಿದ ದಿನಗಳಲ್ಲಿ ಮ್ಯೂನಿಕ್ ಸುತ್ತಮುತ್ತ ಹೃದಯದ ತೊಂದರೆಯಿಂದ ಆಸ್ಪತ್ರೆಗೆ ಓಡಿದವರ ಸಂಖ್ಯೆ ಬೇರೆ ದಿನಗಳ ಎರಡೂವರೆ ಪಟ್ಟಿಗಿಂತ ಜಾಸ್ತಿ. ಮೊದಲೇ ಹೃದಯದ ಕಾಯಿಲೆ ಇದ್ದವರಿಗೆ ತೊಂದರೆ ಇನ್ನೂ ಹೆಚ್ಚು. ನಾಯಿ ಬಂದಾಗ ರಕ್ತ ಅಂಟಂಟಾಗುತ್ತೆ ಅಂದೆನಲ್ಲ, ಮೊದಲೇ ಕಿರಿದಾದ ರಕ್ತನಾಳದಲ್ಲಿ ಅದೇ ಮುಳುವು. ಕೊನೇ ಓವರ್‌ಗೆ ಟಿವಿ ಮುಂದೆ ಎದ್ದು ನಿಲ್ಲೋ ಸ್ಟೆಂಟ್ ಹಾಕಿಸಿಕೊಂಡ ಮಾವಂದಿರು ಇದನ್ನು ಗಮನಿಸಬೇಕು. ಎದೆ ಹಿಂಡಿದ ಹಾಗಾಗಿ, ನೋವು ಎಡಗೈಗೋ ದವಡೆಗೋ ಹಬ್ಬಿ, ಬೆವರು ಕಿತ್ತುಕೊಂಡು ಬಂದರೆ ‘ಟೆನ್ಶನ್ನು, ಗ್ಯಾಸು’ ಅಂತ ಸೋಡಾ ಕುಡಿದು ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಅಲ್ಸರ್ ಕಥೆ ಬೇರೆ. ಹೊಟ್ಟೆಹುಣ್ಣಿಗೆ ಟೆನ್ಶನ್ನೇ ಕಾರಣ ಅಂತ ದಶಕಗಟ್ಟಲೆ ಹೇಳುತ್ತಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಹೆಲಿಕೊಬ್ಯಾಕ್ಟರ್ ಪೈಲೊರಿ ಅನ್ನೋ ಬ್ಯಾಕ್ಟೀರಿಯಾ ಕದಡಿದ ನೀರನ್ನು ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದರು. ರಾಬಿನ್ ವಾರನ್ ಜೊತೆ 2005ರಲ್ಲಿ ನೊಬೆಲ್ ಬಂತು. ಬಹಳಷ್ಟು ಅಲ್ಸರ್‌ಗೆ ಈ ಬ್ಯಾಕ್ಟೀರಿಯಾ, ಇಲ್ಲವೇ ನೋವಿನ ಮಾತ್ರೆ ಕಾರಣ. ಒತ್ತಡ ಅದಕ್ಕೆ ತುಪ್ಪ ಸುರಿಯಬಹುದು ಅಷ್ಟೇ.

ಯಾರಿಗೆ ಜಾಸ್ತಿ?

ದೊಡ್ಡ ಸಾಹೇಬರಿಗೆ ದೊಡ್ಡ ಟೆನ್ಶನ್, ಅಟೆಂಡರ್‌ಗೆ ಏನಿದೆ, ಆರಾಮು. ಹೀಗೇ ಅಲ್ವಾ ನಾವು ಅಂದುಕೊಳ್ಳೋದು? ಲಂಡನ್ನಿನ ಸರ್ಕಾರಿ ನೌಕರರನ್ನು 1967ರಿಂದ ಹಿಂಬಾಲಿಸಿದ ವೈಟ್‌ಹಾಲ್ ಅಧ್ಯಯನ ಇದನ್ನು ತಲೆಕೆಳಗು ಮಾಡಿತು. ಸುಮಾರು 18,000 ಗಂಡಸರು. ತೀರಾ ಕೆಳಗಿನ ದರ್ಜೆಯವರು ಹೃದಯದ ಕಾಯಿಲೆಯಿಂದ ಸಾಯುವುದು ಮೇಲಿನ ದರ್ಜೆಯವರಿಗಿಂತ ಮೂರು ಪಟ್ಟು ಜಾಸ್ತಿ ಇತ್ತು. ಸಿಗರೇಟು, ಬಿಪಿ ಎಲ್ಲ ಲೆಕ್ಕ ಹಾಕಿದರೂ ವ್ಯತ್ಯಾಸ ಪೂರ್ತಿ ಹೋಗಲಿಲ್ಲ. ಆಮೇಲೆ ಮೈಕೆಲ್ ಮಾರ್ಮಟ್ ನಡೆಸಿದ ಎರಡನೇ ಸುತ್ತಿನಲ್ಲಿ ಒಂದು ಸುಳಿವು ಸಿಕ್ಕಿತು: ತನ್ನ ಕೆಲಸ ಹೇಗೆ ಮಾಡಬೇಕು ಅನ್ನೋದರಲ್ಲಿ ತನ್ನ ಮಾತು ನಡೆಯದವರಿಗೆ ಹೃದಯದ ತೊಂದರೆ ಜಾಸ್ತಿ.

ಜೇ ವೈಸ್ ಅನ್ನೋರು 1970ರ ಸುಮಾರಿಗೆ ಎರಡು ಇಲಿಗಳಿಗೆ ಒಂದೇ ಸಮಕ್ಕೆ ಒಂದೇ ಅಳತೆಯ ಶಾಕ್ ಕೊಟ್ಟು ನೋಡಿದ್ದರು. ಒಂದರ ಮುಂದೆ ಚಕ್ರವಿತ್ತು, ತಿರುಗಿಸಿದರೆ ಇಬ್ಬರಿಗೂ ಶಾಕ್ ನಿಲ್ಲುತ್ತಿತ್ತು. ಇನ್ನೊಂದರ ಚಕ್ರ ತಿರುಗಿಸಿದರೂ ಏನೂ ಆಗುತ್ತಿರಲಿಲ್ಲ. ಇಬ್ಬರಿಗೂ ಬಿದ್ದ ಪೆಟ್ಟು ಒಂದೇ. ಹೊಟ್ಟೆಯಲ್ಲಿ ಹುಣ್ಣು ಜಾಸ್ತಿಯಾದದ್ದು ಕೈಯಲ್ಲಿ ಏನೂ ಇಲ್ಲದ ಇಲಿಗೆ.

ನನ್ನ ಕಂತಿನ ರಾತ್ರಿಗೂ ಇದೇ ಉತ್ತರ ಅನ್ನಿಸುತ್ತದೆ. ನಾಯಿ ಬಂದಾಗ ಕೈಯಲ್ಲಿ ಆಕ್ಸಿಲರೇಟರ್ ಇತ್ತು. ಕಂತಿಗೆ ತಿರುಗಿಸೋಕೆ ಏನೂ ಇರಲಿಲ್ಲ.

ಆಫ್ ಮಾಡೋದು

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಅನ್ನುತ್ತಾರೆ. ಚಿಂತೆಯೇ ಇಲ್ಲದವನನ್ನು ನಾನಂತೂ ನೋಡಿಲ್ಲ. ಚಿಂತೆಯನ್ನು ರಾತ್ರಿಯ ಮಟ್ಟಿಗೆ ಕೆಳಗಿಟ್ಟು ಮಲಗೋರನ್ನು ನೋಡಿದ್ದೇನೆ.

ಕೂತಲ್ಲೇ ಒಂದು ಪ್ರಯೋಗ ಮಾಡಿ. ಎಡಗೈ ಮಣಿಕಟ್ಟಿನ ನಾಡಿ ಮೇಲೆ ಬಲಗೈಯ ಎರಡು ಬೆರಳಿಡಿ. ನಿಧಾನವಾಗಿ ಉಸಿರು ಎಳೆದುಕೊಳ್ಳಿ, ನಾಡಿ ತುಸು ಬೇಗ ಬಡಿಯುತ್ತದೆ. ಇನ್ನೂ ನಿಧಾನವಾಗಿ ಬಿಡಿ, ನಾಡಿ ಇಳಿಯುತ್ತದೆ. ಚಿಕ್ಕ ವಯಸ್ಸಿನವರಲ್ಲಿ ಇದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಉಸಿರು ಬಿಡುವಾಗ ವೇಗಸ್ ಅನ್ನೋ ನರ ಹೃದಯಕ್ಕೆ ಬ್ರೇಕ್ ಹಾಕುತ್ತದೆ. ನಿಮಿಷಕ್ಕೆ ಆರು ಉಸಿರು, ಬಿಡುವ ಹೊತ್ತು ಉದ್ದ. ಐದು ನಿಮಿಷ ಹೀಗೆ ಮಾಡಿದರೆ ಕಂತು ಕಡಿಮೆಯಾಗೋದಿಲ್ಲ, ಎದೆಬಡಿತ ಕಡಿಮೆಯಾಗುತ್ತದೆ.

ನಡೆಯೋದೂ ಒಳ್ಳೆಯದು. ಲಿವರ್ ಹೊರಗೆ ಹಾಕಿದ ಸಕ್ಕರೆ ಓಡೋಕೆ ಅಂತಲೇ ಬಂದದ್ದು. ಕುರ್ಚಿಯಲ್ಲಿ ಕೂತೇ ಬೈಸಿಕೊಂಡರೆ ಅದು ಖರ್ಚಾಗೋದು ಹೇಗೆ? ಸಿಗರೇಟಿನಿಂದ ಆರಾಮ ಅನ್ನಿಸಿದರೂ ನಿಕೋಟಿನ್ ಹೃದಯವನ್ನು ಓಡಿಸುತ್ತದೆ. ಎರಡು ಪೆಗ್ ಹಾಕಿದರೆ ನಿದ್ದೆ ಬೇಗ ಬರುತ್ತದೆ, ರಾತ್ರಿಯ ಎರಡನೇ ಅರ್ಧದಲ್ಲಿ ಕೆಡುತ್ತದೆ. ಫಿಲ್ಟರ್ ಕಾಫಿ ಬಿಡಿ ಅನ್ನೋ ಧೈರ್ಯ ನನಗಿಲ್ಲ, ಸಂಜೆ ಮೇಲಿನದು ಬಿಟ್ಟರೆ ಸಾಕು.

ನಾನು ಮಾಡಿದ್ದು ಇಷ್ಟೇ. ಮರುದಿನ ಒಂದು ಹಾಳೆಯಲ್ಲಿ ತಿಂಗಳ ಖರ್ಚು ಬರೆದೆ, ಕಂತಿನ ತಾರೀಕನ್ನು ಸಂಬಳದ ಮರುದಿನಕ್ಕೆ ಬದಲಾಯಿಸಲು ಅರ್ಜಿ ಕೊಟ್ಟೆ. ಸಾಲ ಒಂದು ರೂಪಾಯಿಯೂ ಇಳಿಯಲಿಲ್ಲ. ಚಕ್ರ ಮಾತ್ರ ಕೈಗೆ ಸಿಕ್ಕಿತು.

ಇಂಥ ಉಪಾಯಗಳು ಸಾಲದ ದಿನಗಳೂ ಇರುತ್ತವೆ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಬದುಕೋದೇ ಬೇಡ ಅನ್ನಿಸುತ್ತಿದೆ ಅಂದರೆ ಅದು ಟೆನ್ಶನ್ ದಾಟಿದ ವಿಷಯ. ಡಾಕ್ಟರನ್ನು ನೋಡಬೇಕು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್‌ಗೆ 14416 ಒತ್ತಿದರೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ.

ಇನ್ನು ನಾಯಿಗಳು. ಓಡಿಸಿದರೆ ಅಟ್ಟಿಸಿಕೊಂಡು ಬರುತ್ತವೆ, ನಿಧಾನ ಮಾಡು ಅಂತ ಪಕ್ಕದ ಮನೆಯ ಹುಡುಗ ಹೇಳಿಕೊಟ್ಟ. ಈಗ ಟ್ರಾನ್ಸ್‌ಫಾರ್ಮರ್ ಹತ್ತಿರ ಹದಿನೈದರ ಸ್ಪೀಡಿಗೆ ಇಳಿಸುತ್ತೇನೆ. ಕಂದು ನಾಯಿ ತಲೆಯೆತ್ತಿ ನೋಡಿ ಮತ್ತೆ ಮಲಗುತ್ತದೆ. ನನ್ನ ಎದೆ ಮಾತ್ರ ಆ ತಿರುವು ಬರುವ ಮೊದಲೇ ಬಡಿಯೋಕೆ ಶುರು ಮಾಡಿರುತ್ತದೆ.